ಹಳೆಯ ಸೇತುವೆ: ಯಾವುದು ಮೊದಲು, ಯಾವುದು ಆಮೇಲೆ?

ಎಲ್ಲರಿಗೂ ನಮಸ್ಕಾರ.

ಸೇತುವೆ ಮೇಲೆ ಹೋಗುವಾಗ ಚಕ್ರದ ಕೆಳಗೆ ‘ದಡ್ ದಡ್’ ಅಂತ ಸದ್ದು ಬರುತ್ತದಲ್ಲ, ಅಲ್ಲಿಂದಲೇ ಶುರು ಮಾಡೋಣ. ಅದು ಎಕ್ಸ್‌ಪ್ಯಾನ್ಷನ್ ಜಾಯಿಂಟ್. ಬಿಸಿಲಿಗೆ ಸೇತುವೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. 100 ಮೀಟರ್ ಉದ್ದದ ಕಾಂಕ್ರೀಟು 30 ಡಿಗ್ರಿ ಬಿಸಿ ಏರಿದರೆ ಸುಮಾರು 3 ಸೆಂಟಿಮೀಟರ್ ಬೆಳೆಯುತ್ತದೆ. ಅದಕ್ಕೆ ಜಾಗ ಬೇಕು. ಆ ಸಂದಿನಲ್ಲಿ ನೀರು ಇಳಿಯದ ಹಾಗೆ ರಬ್ಬರ್ ಪಟ್ಟಿ ಕೂರಿಸಿರುತ್ತಾರೆ. ಸೇತುವೆಗಿಂತ ಎಷ್ಟೋ ಮೊದಲೇ ಆ ಪಟ್ಟಿ ಹರಿಯುತ್ತದೆ. ಮೇಲೆ ಗಾಡಿ ಓಡಿಸುವವರಿಗೆ ಅದು ತಿಳಿಯುವುದಿಲ್ಲ. ಕೆಳಗೆ ನಿಂತು ನೋಡಿ: ಕಂಬದ ತಲೆಯ ಮೇಲೆ ಕಪ್ಪು ಕಲೆ, ನಡುವೆ ಕಂದು ಗೆರೆ. ರಸ್ತೆಯ ಕೊಳೆ ನೀರೆಲ್ಲ ಗರ್ಡರಿನ (ರಸ್ತೆಯನ್ನು ಹೊರುವ ಉದ್ದ ತೊಲೆಯ) ತುದಿಗೆ, ಬೇರಿಂಗಿಗೆ (ತೊಲೆಗೂ ಕಂಬಕ್ಕೂ ನಡುವೆ ಕೂರಿಸುವ ಮೆತ್ತೆಗೆ) ಇಳಿಯುತ್ತಿದೆ ಅಂತ ಅರ್ಥ.

ಸೇತುವೆ ಹಾಳಾಗುವುದಕ್ಕೆ ಭಾರದ ಲಾರಿಯೇ ಕಾರಣ ಅಂತ ನಾವು ಬೈಯುತ್ತೇವೆ. ನನ್ನನ್ನು ಕೇಳಿದರೆ ಮೊದಲು ನೀರನ್ನು ಬೈಯಬೇಕು. ಹೊಸ ಕಾಂಕ್ರೀಟಿನೊಳಗೆ ಕ್ಷಾರ ಜಾಸ್ತಿ. ಆ ಕ್ಷಾರವೇ ಕಂಬಿಗೆ ಕವಚ. ವರ್ಷಗಳು ಹೋದಂತೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗಿಳಿದು ಕ್ಷಾರವನ್ನು ಕಡಿಮೆ ಮಾಡುತ್ತದೆ. ನೀರಿನ ಜೊತೆ ಉಪ್ಪು ಬಂದರಂತೂ ಕವಚ ಬೇಗ ಒಡೆಯುತ್ತದೆ. ಆಗ ತುಕ್ಕು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು, ಹಾಗಾಗಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಉದುರಿದ ಜಾಗಕ್ಕೆ ಸಿಮೆಂಟ್ ಮೆತ್ತಿ ಬಣ್ಣ ಬಳಿದರೆ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ. ಒಳಗಿನ ಕೆಲಸ ಸುಮ್ನೆ ನಡೆದೇ ಇರುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 2022ರ ಜನವರಿ 28ರ ಬೆಳಿಗ್ಗೆ ಫರ್ನ್ ಹಾಲೋ ಸೇತುವೆ ಕುಸಿಯಿತು. ಮೇಲೆ ಒಂದು ಬಸ್ಸೂ ಇತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕಾರಣ ಕೇಳಿದರೆ ಬೇಜಾರಾಗುತ್ತದೆ. ನೀರು ಹೋಗುವ ದಾರಿಗಳು ಕಟ್ಟಿಕೊಂಡಿದ್ದವು. ಉಕ್ಕಿನ ಕಾಲುಗಳ ಬುಡದಲ್ಲಿ ಎಲೆ, ಮಣ್ಣು ಸೇರಿ ಸದಾ ಒದ್ದೆ. ಉಕ್ಕು ತೂತು ಬೀಳುವಷ್ಟು ಸವೆದಿತ್ತು. ತಪಾಸಣೆ ಮಾಡಿದವರು ಇದನ್ನು ನೋಡಿರಲಿಲ್ಲವೇ? ನೋಡಿದ್ದರು, ಬರೆದಿದ್ದರು, ವರ್ಷ ವರ್ಷವೂ ಬರೆದಿದ್ದರು. ಆದರೆ ವರದಿ ಕೆಲಸವಾಗಲಿಲ್ಲ.

ದುರಸ್ತಿಯ ಯೋಜನೆ ಅಂದರೆ ನನಗೆ ಇದೇ: ವರದಿಯ ಒಂದೊಂದು ಸಾಲಿನ ಎದುರಿಗೂ ಯಾರು ಮಾಡಬೇಕು, ಯಾವ ತಾರೀಖಿನೊಳಗೆ, ಹಣ ಯಾವ ಲೆಕ್ಕದಿಂದ ಅಂತ ಬರೆದಿರಬೇಕು. ಚರಂಡಿ ಕೊಳವೆ ಶುಚಿ ಮಾಡುವುದಕ್ಕೆ ದೊಡ್ಡ ಟೆಂಡರಿನ ತನಕ ಕಾಯಬಾರದು.

ಇನ್ನು ಸರದಿ. ಒಂದು ನಗರದಲ್ಲಿ ಐವತ್ತು ಸೇತುವೆ ಇದ್ದರೆ ಯಾವುದನ್ನು ಮೊದಲು ಹಿಡಿಯುವುದು? ವಯಸ್ಸು ನೋಡಿ ಸಾಲು ಹಚ್ಚುವುದು ಸುಲಭ, ಆದರೆ ಅದು ಮೋಸ ಮಾಡುತ್ತದೆ. ನಾನು ಮೊದಲು ಕೇಳುವುದು, ಒಂದು ಭಾಗ ಕೈಕೊಟ್ಟರೆ ಭಾರ ಹೊರಲು ಇನ್ನೊಂದಿದೆಯಾ ಅಂತ. ಅಕ್ಕಪಕ್ಕ ಎಂಟು ಗರ್ಡರ್ ಇದ್ದರೆ ಒಂದು ಸೋತಾಗ ಉಳಿದವು ಸ್ವಲ್ಪ ಕಾಲ ತಡೆಯಬಹುದು. ಇಟಲಿಯ ಜಿನೋವಾದ ಮೊರಾಂಡಿ ಸೇತುವೆಗೆ ಆ ಭಾಗ್ಯ ಇರಲಿಲ್ಲ. 1967ರಲ್ಲಿ ತೆರೆದದ್ದು, ಮೂರು ಎತ್ತರದ ಗೋಪುರ. ರಸ್ತೆಯನ್ನು ಎತ್ತಿ ಹಿಡಿದ ಉಕ್ಕಿನ ತಂತಿಗಳನ್ನು ಕಾಂಕ್ರೀಟಿನಲ್ಲಿ ಮುಚ್ಚಿಬಿಟ್ಟಿದ್ದರು, ಒಳಗೆ ಏನಾಗಿದೆ ಅಂತ ಕಣ್ಣಿಗೆ ಕಾಣುವ ಹಾಗಿಲ್ಲ. 1990ರ ದಶಕದ ಆರಂಭದಲ್ಲಿ ಒಂದು ಗೋಪುರದ ತಂತಿಗಳನ್ನು ಬಲಪಡಿಸಿದರು. ಉಳಿದ ಎರಡಕ್ಕೂ ಮಾಡಬೇಕು ಅಂತ ಕಾಗದಪತ್ರ ಓಡಾಡುತ್ತಿದ್ದಾಗಲೇ, 2018ರ ಆಗಸ್ಟ್ 14ರಂದು ಅವುಗಳಲ್ಲೊಂದು ಬಿತ್ತು. 43 ಜನ ಹೋದರು.

ದುರಸ್ತಿ ಮಾಡುವಾಗಲೇ ಬಿದ್ದದ್ದೂ ಇದೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2007ರ ಆಗಸ್ಟ್ 1ರಂದು ಸೇತುವೆ ಕುಸಿದು 13 ಜನ ಸತ್ತರು. ಉಕ್ಕಿನ ತೊಲೆಗಳನ್ನು ಜೋಡಿಸುವ ಫಲಕಗಳು ಬೇಕಾದದ್ದರಲ್ಲಿ ಸುಮಾರು ಅರ್ಧದಷ್ಟೇ ದಪ್ಪ ಇದ್ದವು. ನಕ್ಷೆ ಮಾಡಿದ ದಿನದ ತಪ್ಪು ಅದು, ಸುಮಾರು ನಲವತ್ತು ವರ್ಷ ಯಾರೂ ಮತ್ತೆ ಲೆಕ್ಕ ಹಾಕಿರಲಿಲ್ಲ. ಅವತ್ತು ರಸ್ತೆ ರಿಪೇರಿಗೆಂದು ಮರಳು, ಜಲ್ಲಿ, ಯಂತ್ರಗಳನ್ನು ಸೇತುವೆಯ ಮೇಲೇ ಪೇರಿಸಿದ್ದರು.

ಇಲ್ಲೊಂದು ಸಣ್ಣ ಲೆಕ್ಕ. 100 ಮೀಟರ್ ಉದ್ದ, 10 ಮೀಟರ್ ಅಗಲದ ಸೇತುವೆಗೆ 5 ಸೆಂಟಿಮೀಟರ್ ಡಾಂಬರು ಹಾಕಿದರೆ ನೂರು ಟನ್ನಿಗೂ ಜಾಸ್ತಿ ಭಾರ. ಹಳೆಯದನ್ನು ಕೆರೆಯದೆ ಮೂರು ಸಲ ಹಾಕಿದರೆ? ಅದರಲ್ಲೂ ಜಾಯಿಂಟನ್ನೇ ಮುಚ್ಚಿ ಡಾಂಬರು ಎಳೆದುಬಿಡುತ್ತಾರೆ. ನುಣ್ಣಗೆ ಆಯ್ತು ಅಂತ ಜನಕ್ಕೂ ಖುಷಿ.

ನಗರದ ಸೇತುವೆಗೆ ಇನ್ನೊಂದು ತಾಪತ್ರಯ. ಅದರ ಹೊಟ್ಟೆಯ ಕೆಳಗೆ ನೀರಿನ ಪೈಪು, ಕರೆಂಟಿನ ಕೇಬಲ್ಲು, ಫೋನಿನ ತಂತಿ ಎಲ್ಲ ನೇತಾಡುತ್ತಿರುತ್ತವೆ. ಬೇರಿಂಗ್ ಬದಲಿಸಬೇಕಾದರೆ ಜ್ಯಾಕ್ ಇಟ್ಟು ಇಡೀ ಗರ್ಡರ್ ಸಾಲನ್ನು ಕೆಲವೇ ಮಿಲಿಮೀಟರ್ ಎತ್ತುತ್ತಾರೆ. ಕೆಲಸ ಸರಿಯಾಗಿ ನಡೆದರೆ ಕೆಲವು ರಾತ್ರಿಗಳಲ್ಲಿ ಮುಗಿಯಬಹುದು. ಆದರೆ ಆ ಕೆಲವು ಮಿಲಿಮೀಟರಿಗೆ ತುಕ್ಕು ಹಿಡಿದ ಪೈಪಿನ ಬೆಸುಗೆ ಬಿಟ್ಟರೆ ಬೀದಿಗೇ ನೀರು. ಆದ್ದರಿಂದ ಪೈಪಿನವರು, ಕೇಬಲ್ಲಿನವರು ಮೊದಲ ಸಭೆಗೇ ಬರಬೇಕು, ಕೊನೆಯ ಸಭೆಗಲ್ಲ.

ಮತ್ತೆ ವಾಹನಗಳು. ಒಂದು ಸೇತುವೆ ಮುಚ್ಚಿದರೆ ಅದರ ಲಾರಿ, ಬಸ್ಸೆಲ್ಲ ಪಕ್ಕದ ಸೇತುವೆಗೆ ಹೋಗುತ್ತವೆ. ಪಕ್ಕದ್ದೂ ಅದೇ ಕಾಲದ್ದು, ಅದೇ ಕಾಯಿಲೆಯದ್ದು ಆಗಿರಬಹುದು, ಅಲ್ವಾ? ಹಾಗಾಗಿ ಕೆಲವು ಸಲ ಕೆಟ್ಟದ್ದಕ್ಕಿಂತ ಮೊದಲು, ಅದರ ಭಾರ ಹೊರಬೇಕಾದ ಪಕ್ಕದ ಸೇತುವೆಯನ್ನೇ ಗಟ್ಟಿ ಮಾಡಬೇಕಾಗುತ್ತದೆ. ಅಲ್ಲಿಯವರೆಗೆ ಕೆಟ್ಟದ್ದರ ಮೇಲೆ ಲಾರಿಗೆ ತಡೆ. ಬರೀ ಬೋರ್ಡ್ ಸಾಲದು, ಎತ್ತರದ ಲಾರಿ ನುಗ್ಗದ ಹಾಗೆ ಅಡ್ಡಕಂಬ ಬೇಕು. ಇದನ್ನು ಹೇಳಿದಾಗ ಸಭೆಯಲ್ಲಿ ಯಾರಾದರೂ ಒಬ್ಬರು ‘ಚೆನ್ನಾಗಿರೋದನ್ನ ಯಾಕೆ ಮೊದಲು ಮುಟ್ಟಬೇಕು?’ ಅಂತ ಕೇಳಿಯೇ ಕೇಳುತ್ತಾರೆ. ಇವತ್ತೂ ಯಾರಾದರೂ ಕೇಳುವವರಿದ್ದರೆ, ಪ್ರಶ್ನೆ ಅಲ್ಲಿಂದಲೇ ಶುರುವಾಗಲಿ.