ಹಳಿ ಒದ್ದೆಯಾದ ದಿನ ರೈಲು ನೋಡುವುದು

ಕೇಳುಗರಿಗೆ ನಮಸ್ಕಾರ.

ರೈಲು ನೋಡುವ ಹವ್ಯಾಸದವರು ಮೋಡ ಕವಿದ ಕೂಡಲೇ ಮನೆಯಲ್ಲಿ ಉಳಿದುಬಿಡುವುದುಂಟು. ಅದು ದೊಡ್ಡ ನಷ್ಟ. ಒಣ ದಿನ ಎಂಜಿನ್ ಸಲೀಸಾಗಿ ಗಾಡಿ ಎಳೆದುಕೊಂಡು ಹೋಗುತ್ತದೆ, ಅದು ಪಡುವ ಕಷ್ಟ ನಮಗೆ ತಿಳಿಯುವುದೇ ಇಲ್ಲ. ಹಳಿ ಒದ್ದೆಯಾದ ದಿನ ಆ ಕಷ್ಟ ಕಣ್ಣಿಗೂ ಕಾಣುತ್ತದೆ, ಕಿವಿಗೂ ಕೇಳುತ್ತದೆ.

ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಬೆರಳ ಉಗುರಿನಷ್ಟು. ಇಡೀ ಗಾಡಿಯನ್ನು ಎಳೆಯುವ ಬಲ ಅಂಥ ಕೆಲವೇ ಉಗುರಗಲದ ಜಾಗಗಳ ಮೂಲಕ ಹಾಯಬೇಕು. ಹಳಿ ಒಣಗಿದ್ದರೆ ಗಾಲಿಯ ಮೇಲಿರುವ ಭಾರದ ಸುಮಾರು 30 ಶೇಕಡಾ ಬಲವನ್ನು ಎಳೆತಕ್ಕೆ ಬಳಸಬಹುದು. ಒದ್ದೆಯಾದರೆ ಅದು 15–20ಕ್ಕೆ ಇಳಿಯುತ್ತದೆ, ಜಿಡ್ಡೂ ಸೇರಿದರೆ 10ಕ್ಕಿಂತ ಕೆಳಗೆ. ಧೋ ಎಂದು ಸುರಿಯುವ ಮಳೆಗಿಂತ ಆಗಷ್ಟೇ ಶುರುವಾದ ತುಂತುರು ಹೆಚ್ಚು ಕಾಟ ಕೊಡುತ್ತದೆ. ಹಳಿಯ ಮೇಲಿನ ತುಕ್ಕು, ಎಣ್ಣೆ, ದೂಳು ಸ್ವಲ್ಪವೇ ನೀರಿನಲ್ಲಿ ಕಲಸಿ ಲೇಪದಂತೆ ಅಂಟಿಕೊಳ್ಳುತ್ತವೆ. ಜೋರು ಮಳೆಯಾದರೆ ಅದನ್ನೆಲ್ಲ ತೊಳೆದುಬಿಡುತ್ತದೆ. ಹಾಗಾಗಿ ಮಳೆ ನಿಂತಮೇಲೆ ಹೋಗೋಣ ಎನ್ನಬೇಡಿ. ಮೊದಲ ಹನಿ ಬೀಳುವಾಗಲೇ ನಿಲ್ದಾಣದಲ್ಲಿರಿ.

ಉದ್ದದ ಗಾಡಿ ಹೊರಡುವಾಗ ಎಂಜಿನ್ ನಿಲ್ಲುವ ತುದಿಯ ಹತ್ತಿರ, ಚಾವಣಿಯ ಕೆಳಗೆ ನಿಲ್ಲಿ. ಮೋಟಾರಿನ ಸದ್ದು ಮೆಲ್ಲಗೆ ಏರುವ ಬದಲು ಒಮ್ಮೆಲೇ ಕೀರಲಾಗಿ ಮೇಲಕ್ಕೆ ಹಾರಿದರೆ ಗಾಲಿ ಜಾರಿತೆಂದು ಅರ್ಥ. ಮರುಕ್ಷಣ ಸದ್ದು ತಗ್ಗುತ್ತದೆ. ಎಂಜಿನ್ನಿನ ನಿಯಂತ್ರಣ ವ್ಯವಸ್ಥೆಯೋ ಚಾಲಕರೋ ಶಕ್ತಿಯನ್ನು ಕಡಿಮೆ ಮಾಡಿರುತ್ತಾರೆ. ಬೆನ್ನಿಗೇ 'ಸುಸ್' ಎಂಬ ಗಾಳಿಯ ಸದ್ದು ಬಂದರೆ ಅದು ಗಾಲಿಗೆ ಹಿಡಿತ ಸಿಗಲೆಂದು ಹಾಕುವ ಮರಳು. ಗಾಲಿಯ ಮುಂದೆ, ಹಳಿಗೆ ತುಸು ಮೇಲೆ ಬಾಗಿರುವ ಕೊಳವೆಯಿಂದ ಒತ್ತಿದ ಗಾಳಿ ಮರಳನ್ನು ಹಳಿಯ ಮೇಲೆ ಚಿಮ್ಮಿಸುತ್ತದೆ. ಗಾಡಿ ಹೋದಮೇಲೆ ನಿಂತಲ್ಲಿಂದಲೇ ನೋಡಿ, ಕಪ್ಪಾಗಿ ಹೊಳೆಯುವ ಹಳಿಯ ಮೇಲೆ ಪುಡಿಯಾದ ಮರಳಿನ ಮಾಸಲು ಗೆರೆ ಉಳಿದಿರುತ್ತದೆ. ಈ ಮರಳು ಪೂರ್ತಿ ಒಣಗಿರಬೇಕು. ತೇವ ಹಿಡಿದರೆ ಗಟ್ಟಿಯಾಗಿ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ. ಹೆಚ್ಚು ಬೇಕಾಗುವ ದಿನವೇ ಕೈಕೊಡಬಹುದಾದ ವಸ್ತು ಅದು.

ನಿಲ್ಲಿಸುವಾಗಲೂ ಇದೇ ಪಾಡು. ಬ್ರೇಕ್ ಹಿಡಿದಾಗ ಗಾಲಿ ತಿರುಗದೆ ಜಾರಿದರೆ ಅದರ ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ಗಾಲಿಯ ಪ್ರತಿ ಸುತ್ತಿಗೂ ಒಂದು ಏಟಿನಂತೆ 'ತಟ್ ತಟ್ ತಟ್' ಎನ್ನುತ್ತಲೇ ಇರುತ್ತದೆ. ಹಳಿಯ ಜೋಡಣೆಯ ಸದ್ದಿಗೂ ಇದಕ್ಕೂ ಗೊಂದಲ ಬೇಡ. ಜೋಡಣೆಯ ಸದ್ದು ಒಂದೇ ಜಾಗದಲ್ಲಿ ಹುಟ್ಟುತ್ತದೆ, ದಾಟುವ ಪ್ರತಿ ಗಾಲಿಯೂ ಅಲ್ಲೇ ಬಡಿಯುತ್ತದೆ. ಚಪ್ಪಟೆ ಗಾಲಿಯ ಸದ್ದು ಗಾಡಿಯ ಜೊತೆ ನಿಮ್ಮ ಮುಂದೆ ಹಾದುಹೋಗುತ್ತದೆ.

ಮಳೆಯ ದಿನ ಗಾಡಿಗಳು ತಡವಾಗಲು ಇನ್ನೊಂದು ಕಾರಣ ಹಳಿಯೊಳಗೇ ಇದೆ. ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ, ಹಳಿಯ ಮೇಲೆ ಗಾಡಿ ಇದೆಯೇ ಎಂದು ತಿಳಿಸುವ ಟ್ರ್ಯಾಕ್ ಸರ್ಕ್ಯೂಟ್‌ನಲ್ಲಿ ಎರಡೂ ಹಳಿಗಳಲ್ಲಿ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ಗಾಡಿ ಬಂದಾಗ ಅದರ ಗಾಲಿ ಮತ್ತು ಅಚ್ಚು ಎರಡು ಹಳಿಗಳನ್ನು ಬೆಸೆಯುತ್ತವೆ, ವಿದ್ಯುತ್ ಸಿಗ್ನಲ್ ನಡೆಸುವ ರಿಲೇ ಎಂಬ ಸ್ವಿಚ್ಚನ್ನು ತಲುಪುವುದಿಲ್ಲ, ಸಿಗ್ನಲ್ ಕೆಂಪಾಗುತ್ತದೆ. ಕೆಸರು ತುಂಬಿದ ಜಲ್ಲಿಯಲ್ಲಿ ನೀರು ನಿಂತರೆ ಆ ನೀರಿನ ಮೂಲಕವೂ ವಿದ್ಯುತ್ ಸೋರಿ, ಗಾಡಿಯೇ ಇಲ್ಲದ ಹಳಿ ಗಾಡಿ ಇದ್ದಂತೆ ತೋರಬಹುದು. ವ್ಯವಸ್ಥೆ ಕೆಟ್ಟರೂ ಸುರಕ್ಷಿತ ಕಡೆಗೇ ಕೆಡುವಂತೆ ಕಟ್ಟಿರುವುದು ಮೆಚ್ಚಬೇಕಾದ ಮಾತು. ಖಾಲಿ ಹಳಿಯ ಮುಂದೆ ಕೆಂಪು ದೀಪ ಬಹಳ ಹೊತ್ತು ನಿಂತರೆ ಈ ಸಾಧ್ಯತೆಯೂ ನೆನಪಿರಲಿ.

ಇನ್ನು ಎಂಜಿನ್ ಸಂಖ್ಯೆ ಬರೆದುಕೊಳ್ಳುವ ಕೆಲಸ. ಎದುರಿನಿಂದ ಬರುವಾಗ ಹೆಡ್‌ಲೈಟಿನ ಪ್ರಭೆಯಲ್ಲಿ ಏನೂ ಕಾಣದು. ಪಕ್ಕಕ್ಕೆ ಬಂದಾಗ ಓದಿ, ಬದಿಗೆ ಕೆಸರು ಸಿಡಿದಿದ್ದರೆ ದಾಟಿದಮೇಲೆ ಹಿಂಬದಿಯನ್ನು ಓದಿ. 8×42 ಬೈನಾಕ್ಯುಲರ್, ಅಂದರೆ 8 ಪಟ್ಟು ದೊಡ್ಡದು ಮಾಡುವ, 42 ಮಿ.ಮೀ. ಅಗಲದ ಮುಂಗಾಜಿನದು, ಮಂಕು ಬೆಳಕಿಗೆ ಒಳ್ಳೆಯದು. 10 ಪಟ್ಟು ದೊಡ್ಡದು ಮಾಡುವುದರಲ್ಲಿ ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ.

ಆದರೂ ಒಂದು ಅಂಕಿ ಮಸುಕಾಗಿ 3ರಂತೆಯೂ 8ರಂತೆಯೂ ಕಂಡರೆ? ಜರ್ಮನಿಯಂಥ ಕಡೆ ಸಂಖ್ಯೆಯ ಕೊನೆಗೆ ಗೀಟು ಹಾಕಿ, ಸಂಖ್ಯೆ ಸರಿಯೇ ಎಂದು ಪರೀಕ್ಷಿಸಲು ಒಂದು ತಾಳೆ ಅಂಕಿ ಬರೆದಿರುತ್ತಾರೆ. ಉದಾಹರಣೆಗೆ 103 245-7. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 1, 2, 1, 2, 1, 2ರಿಂದ ಗುಣಿಸಿ. 1, 0, 3, 4, 4, 10 ಬರುತ್ತವೆ. ಎರಡಂಕಿಯ 10ನ್ನು ಬಿಡಿಸಿ 1 ಮತ್ತು 0 ಎಂದು ಕೂಡಿ. ಒಟ್ಟು 13. ಮುಂದಿನ ಹತ್ತರ ಗುಣಕವಾದ 20ಕ್ಕೆ ಬೇಕಾದದ್ದು 7, ತಾಳೆಯಾಯಿತು. 3ರ ಜಾಗದಲ್ಲಿ 8 ಇಟ್ಟು ನೋಡಿ. ಮೊತ್ತ 18, ಬರಬೇಕಾದ ಅಂಕಿ 2. ಹಾಗಾಗಿ ಅದು 3 ಎಂಬುದೇ ಸರಿ. ಒಂದೇ ಅಂಕಿ ಮಸುಕಾಗಿದ್ದರೆ ಈ ಲೆಕ್ಕ ಕೈಬಿಡುವುದಿಲ್ಲ, ಎರಡು ಅಂಕಿ ಹೋದರೆ ನಂಬಬೇಡಿ. ಅವಸರದಲ್ಲಿ 09ನ್ನು 90 ಎಂದು ಅದಲುಬದಲು ಬರೆದ ತಪ್ಪನ್ನೂ ಇದು ಹಿಡಿಯದು.

ಬರೆಯಲು ಪೆನ್ಸಿಲ್ಲೇ ಸರಿ. ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ತೇವದ ಕಾಗದದ ಮೇಲೆ ಬಾಲ್ ಪೆನ್ ಮೂಡುವುದಿಲ್ಲ, ಹನಿ ಬಿದ್ದ ಮೊಬೈಲ್ ಪರದೆ ತಾನೇ ಏನೇನೋ ಒತ್ತಿಕೊಳ್ಳುತ್ತದೆ. ಜೇಬಿಗೆ ಹಿಡಿಸುವ ಪುಸ್ತಕವನ್ನು ಪಾರದರ್ಶಕ ಚೀಲದಲ್ಲಿಟ್ಟು ಅದರೊಳಗೇ ಕೈಹಾಕಿ ಬರೆಯಿರಿ. ಸಮಯ, ಪ್ಲಾಟ್‌ಫಾರ್ಮ್, ಎಂಜಿನ್ ಸಂಖ್ಯೆ, ಬೋಗಿಗಳ ಲೆಕ್ಕ, ದಿಕ್ಕು, ಇಷ್ಟು ಅಂಕಣ ಸಾಕು. ಮಳೆ ಶುರುವಾದ ಮತ್ತು ನಿಂತ ಸಮಯವನ್ನೂ ಬರೆದಿಡಿ. ಯಾವ ಗಾಡಿ ಯಾವಾಗ ಜಾರಿತು ಎಂಬುದು ಅದರ ಪಕ್ಕದಲ್ಲಿಟ್ಟು ನೋಡಿದಾಗಲೇ ಬಿಡಿಸಿಕೊಳ್ಳುತ್ತದೆ.

ಕೊಡೆ ಬೇಡ, ಮಳೆ ಅಂಗಿ ಹಾಕಿಕೊಳ್ಳಿ. ವೇಗದ ಗಾಡಿ ದಾಟುವಾಗಿನ ಗಾಳಿ ಕೊಡೆಯನ್ನು ಎಳೆಯುತ್ತದೆ, ಅದನ್ನು ಹಿಡಿಯಹೋಗಿ ಹಳದಿ ಗೆರೆ ದಾಟುತ್ತೀರಿ, ನೆಲವೂ ಜಾರುತ್ತಿರುತ್ತದೆ. ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರಬಹುದು. ಕೊಡೆಯೋ ಕ್ಯಾಮೆರಾ ಕೋಲೋ ತಂತಿಗೆ ತಾಗಲೇಬೇಕೆಂದಿಲ್ಲ, ಹತ್ತಿರವಾದರೂ ವಿದ್ಯುತ್ ಹಾರುತ್ತದೆ. ಒದ್ದೆ ಇನ್ಸುಲೇಟರ್‌ಗಳ 'ಚರ್' ಸದ್ದನ್ನು ದೂರದಿಂದಲೇ ಕೇಳಿ.

ಫೋಟೊ ತೆಗೆಯುವವರು ಫ್ಲಾಷ್ ಬಳಸಲೇಬಾರದು, ಅದು ಚಾಲಕರ ಕಣ್ಣು ಕುಕ್ಕುತ್ತದೆ. ಓಡುವ ಗಾಡಿಗೆ ಸೆಕೆಂಡಿನ 1/500 ಭಾಗ ಅಥವಾ ಇನ್ನೂ ವೇಗದ ಶಟರ್ ಇಡಿ. ನಿಂತ ಗಾಡಿಗೆ 1/60 ಇಟ್ಟರೆ ಮಳೆ ಎಳೆಎಳೆಯಾಗಿ ಮೂಡುತ್ತದೆ. ಹೆಡ್‌ಲೈಟಿನ ಬೆಳಕಿಗೆ ಕ್ಯಾಮೆರಾ ಮೋಸಹೋಗಿ ಗಾಡಿಯನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಎಕ್ಸ್‌ಪೋಷರ್ ಒಂದು ಹೆಜ್ಜೆ ಏರಿಸಿ. ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದ ಕೂಡಲೇ ಚೀಲ ಬಿಚ್ಚಬೇಡಿ, ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಮೇಲಿನ ನೀರು ಒರೆಸಿ ಅರ್ಧ ಗಂಟೆ ಹಾಗೆಯೇ ಬಿಡಿ. ಅಷ್ಟರಲ್ಲಿ ಒದ್ದೆ ಪುಸ್ತಕದ ಸಂಖ್ಯೆಗಳನ್ನು ಒಣ ಹಾಳೆಗೆ ಇಳಿಸಿ, ತಾಳೆ ಅಂಕಿ ನೋಡುತ್ತ ಬನ್ನಿ.

ನಮಸ್ಕಾರ.