ಕತ್ತಿನ ಹಿಂದಿನ ಗುರುತು

ಗೆಳೆಯರೇ, ಅಮೆರಿಕದ ಮೂಕಿ ಸಿನಿಮಾದ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್ 1921ರಲ್ಲಿ ಮಾಡಿದ ‘ದಿ ಪ್ಲೇಹೌಸ್’ ಎರಡು ರೀಲುಗಳ ಮೂಕಿ ಹಾಸ್ಯಚಿತ್ರ. ಇದರ ಬಗ್ಗೆ ಮಾತು ಬಂದಾಗಲೆಲ್ಲ ಅದರ ಮೊದಲ ಭಾಗದ್ದೇ ಗುಣಗಾನ. ತಪ್ಪೇನಿಲ್ಲ. ಅಲ್ಲೊಂದು ರಂಗಮಂದಿರ, ವಾದ್ಯದವರು, ನಟರು, ಪ್ರೇಕ್ಷಕರು, ಎಲ್ಲರೂ ಕೀಟನ್ನೇ! ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಸುತ್ತಿ, ಪ್ರತಿ ಸಲವೂ ಕೈಯಿಂದಲೇ ಕ್ಯಾಮೆರಾ ತಿರುಗಿಸಿ, ಒಂದೇ ಚೌಕಟ್ಟಿನಲ್ಲಿ ಒಂಬತ್ತು ಕೀಟನ್‌ರನ್ನು ಕೂರಿಸಿದ. ಕೈಯ ವೇಗ ಒಂದಿಷ್ಟು ತಪ್ಪಿದ್ದರೆ ಅಷ್ಟೂ ಶ್ರಮ ನೀರುಪಾಲು.

ಆಮೇಲೆ ಕೀಟನ್ ಎಚ್ಚರಗೊಳ್ಳುತ್ತಾನೆ, ಅದುವರೆಗಿನದೆಲ್ಲ ಕನಸು. ನೋಡಿದರೆ ಅವನು ಬರಿಯ ರಂಗದ ಕೆಲಸದಾಳು. ಇಲ್ಲಿಂದ ಚಿತ್ರ ಸಪ್ಪೆಯಾಯಿತೆಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕನಸು ಕಟ್ಟಿದ ಗಂಟನ್ನು ಬಿಚ್ಚುವುದೇ ಈ ಚಿತ್ರದ ಕೊನೆ.

ರಂಗದ ಮೇಲೆ ಕುಣಿಯುವ ಅವಳಿ ಹುಡುಗಿಯರಿದ್ದಾರೆ. ಒಬ್ಬಳಿಗೆ ಇವನೆಂದರೆ ಇಷ್ಟ, ಇನ್ನೊಬ್ಬಳಿಗೆ ಇಲ್ಲ. ಯಾರು ಯಾರೆಂದು ಇವನಿಗೆ ತಿಳಿಯದು. ಕನಸಿನಲ್ಲಿ ಒಬ್ಬನೇ ಹಲವರಾಗಿ ಮೆರೆದವನಿಗೆ ಎಚ್ಚರದಲ್ಲಿ ಇಬ್ಬರನ್ನು ಬೇರ್ಪಡಿಸಲೂ ಆಗುತ್ತಿಲ್ಲ. ನಮ್ಮ ದ್ವಿಪಾತ್ರದ ಸಿನಿಮಾಗಳಾಗಿದ್ದರೆ ಒಬ್ಬರ ಕೆನ್ನೆಗೆ ಮಚ್ಚೆ ಇಟ್ಟು ಪ್ರೇಕ್ಷಕರನ್ನಾದರೂ ಪಾರು ಮಾಡುತ್ತಿದ್ದರು. ಕೀಟನ್ ಆ ದಯೆಯನ್ನೂ ತೋರಿಸುವುದಿಲ್ಲ.

ಇನ್ನು ಕೊನೆಗೆ ಬರೋಣ. ಅವಳಿಗಳಲ್ಲೊಬ್ಬಳು ಗಾಜಿನ ತೊಟ್ಟಿಯಲ್ಲಿ ಮುಳುಗಿ ಉಸಿರು ಕಟ್ಟುವ ಪ್ರದರ್ಶನ ಕೊಡುತ್ತಾಳೆ, ಮೇಲೇಳಲಾಗದೆ ಸಿಕ್ಕಿಕೊಳ್ಳುತ್ತಾಳೆ. ಕೀಟನ್ ಓಡಿ ಬಂದು ಮೊದಲು ಮಾಡುವ ಕೆಲಸವೇನು ಗೊತ್ತೇ? ಒಂದು ಕಪ್ಪಿನಲ್ಲಿ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುವುದು. ಮುಖದಲ್ಲಿ ಗಾಬರಿಯೂ ಇಲ್ಲ, ನಗುವೂ ಇಲ್ಲ. ಮನೆಯ ಹಂಡೆ ಖಾಲಿ ಮಾಡುವವನ ಶಿಸ್ತು. ಅದು ಆಗದ ಕೆಲಸವೆಂದು ಹೊಳೆದ ಮೇಲೆ ಸುತ್ತಿಗೆ ಎತ್ತಿ ಗಾಜು ಒಡೆಯುತ್ತಾನೆ. ನೀರು ರಂಗದ ಮುಂದೆ ವಾದ್ಯಗಾರರು ಕೂರುವ ತಗ್ಗಿಗೆ ನುಗ್ಗಿ, ಪ್ರೇಕ್ಷಕರನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕೀಟನ್ ದೊಡ್ಡ ಡ್ರಮ್ಮಿನೊಳಗೆ ಕುಳಿತು, ಪಿಟೀಲನ್ನೇ ಹುಟ್ಟು ಮಾಡಿಕೊಂಡು ತೇಲುತ್ತಾನೆ. ಚಿಕ್ಕಂದಿನಿಂದಲೇ ಅಪ್ಪ ಅಮ್ಮನ ಜೊತೆ ರಂಗದ ಮೇಲೆ ದುಡಿದವನು, ಆ ರಂಗಮಂದಿರವನ್ನೇ ಮುಳುಗಿಸುವ ಈ ಉತ್ಸಾಹ ನೋಡಿ!

ಇಲ್ಲಿಗೇ ನಿಲ್ಲಿಸಬಹುದಿತ್ತು. ಬೇರೆ ಯಾರಾದರೂ ನಿಲ್ಲಿಸುತ್ತಿದ್ದರು. ಆದರೆ ಅವನು ಹುಡುಗಿಯ ಕೈ ಹಿಡಿದು ಮದುವೆ ಮಾಡಿಸುವ ಅಧಿಕಾರಿಯ ಬಳಿಗೆ ಓಡುತ್ತಾನೆ. ಕರೆತಂದದ್ದು ತಪ್ಪು ಹುಡುಗಿಯನ್ನು! ಹಿಂದಿರುಗಿ ಸರಿಯಾದವಳನ್ನು ಕರೆತರುತ್ತಾನೆ. ಈ ಸಲ ಬಣ್ಣದ ಕುಂಚ ತೆಗೆದುಕೊಂಡು ಅವಳ ಕತ್ತಿನ ಹಿಂಬದಿಗೆ ಒಂದು ಕತ್ತರಿ ಗುರುತು (X) ಎಳೆಯುತ್ತಾನೆ. ಪ್ರವಾಹದಷ್ಟು ದೊಡ್ಡ ಗದ್ದಲದ ನಂತರ ಎರಡೇ ಗೀಟುಗಳ ನಗೆ.

ಹೆಂಗಸಿಗೆ ದನಕ್ಕೆ ಹಾಕುವಂತೆ ಗುರುತು ಹಾಕಿದನಲ್ಲ ಎಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ ನಾನು ಅಲ್ಲಗಳೆಯುವುದಿಲ್ಲ. ಅವಳನ್ನು ಯಾರೂ ಕೇಳಲಿಲ್ಲ, ನಿಜ. ಆದರೂ ಈ ನಗೆಯಲ್ಲಿ ಪೆದ್ದನಾಗುವವನು ಅವನೇ: ಪ್ರೀತಿಸಿದವಳ ಮುಖ ನೋಡಿ ಗುರುತಿಸಲಾರದೆ, ಕತ್ತು ನೋಡಿ ಖಚಿತ ಮಾಡಿಕೊಳ್ಳಬೇಕಾದ ಮದುಮಗ.