ಜ್ಯೂಸ್ ಕುಡಿದರೆ ಹೊಟ್ಟೆ ಉಬ್ಬರ ಹೋಗುತ್ತಾ? ಅಮ್ಮನ ಮನೆಯಲ್ಲಿ ಮಾಡಿ ನೋಡಿದೆ

ನಮಸ್ಕಾರ. ಈಗ ಮೇಜಿನ ಮೇಲೆ ಕಾಣುತ್ತಿರುವುದು ನನ್ನ ಇವತ್ತಿನ ಊಟ. ಕ್ಯಾರೆಟ್, ಬೀಟ್‌ರೂಟ್, ಸೌತೆಕಾಯಿ, ಕಲ್ಲಂಗಡಿ, ಸೇಬು, ಅನಾನಸ್, ನಿಂಬೆಹಣ್ಣು, ಶುಂಠಿ. ಹಣ್ಣು ತರಕಾರಿ ಎಲ್ಲ ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದಿದ್ದು. ಒಂದೆಲಗ ಮಾತ್ರ ಇಲ್ಲೇ ಬಚ್ಚಲಿನ ನೀರು ಹರಿಯುವ ಕಡೆ ಬೆಳೆದಿದ್ದು. ಅನ್ನ ಇಲ್ಲ, ರೊಟ್ಟಿ ಇಲ್ಲ, ಕಾಫಿನೂ ಇಲ್ಲ. ಕೆಲವು ದಿನ ಬರೀ ಜ್ಯೂಸ್.

ನಾನಿರುವುದು ಶಿವಮೊಗ್ಗದಲ್ಲಿ. ಇದಕ್ಕೋಸ್ಕರ ರಜೆ ಹಾಕಿ ತೀರ್ಥಹಳ್ಳಿ ಹತ್ತಿರ ಅಮ್ಮನ ಮನೆಗೆ ಬಂದಿದ್ದೇನೆ. ಆಫೀಸಿನಲ್ಲಿ ಕೂತು ಹೊಟ್ಟೆಗೆ ಏನೂ ಹಾಕದೆ ಇರುವುದು ನನ್ನ ಕೈಲಾಗದ ಕೆಲಸ. ಇಲ್ಲಾದರೆ ತಲೆ ತಿರುಗಿದರೂ ನೋಡಿಕೊಳ್ಳಲು ಜನ ಇದ್ದಾರೆ.

ಯಾಕೆ ಈ ಪ್ರಯೋಗ ಅಂತ ಮೊದಲು ಹೇಳುತ್ತೇನೆ. ಬೆಳಗ್ಗೆ ಎದ್ದಾಗ ನನ್ನ ಹೊಟ್ಟೆ ಸರಿಯಾಗಿಯೇ ಇರುತ್ತದೆ. ಮಧ್ಯಾಹ್ನ ದಾಟುತ್ತಿದ್ದಂತೆ ಉಬ್ಬಲು ಶುರು. ಸಂಜೆ ಹೊತ್ತಿಗೆ ತಮಟೆ ಹಾಗೆ ಬಿಗಿ. ಚೂಡಿದಾರದ ಲಾಡಿ ಸಡಿಲ ಮಾಡಿಕೊಳ್ಳದೆ ಕೂರಲು ಆಗುತ್ತಿರಲಿಲ್ಲ. ಜೊತೆಗೆ ಹುಳಿತೇಗು, ಹೊಟ್ಟೆಯೊಳಗೆ ಗುಡುಗುಡು ಸದ್ದು. ಮೀಟಿಂಗಿನಲ್ಲಿ ಪಕ್ಕದವರಿಗೆ ಕೇಳಿಸುತ್ತದೇನೋ ಅನ್ನುವ ಸಂಕಟ ಬೇರೆ. ಈ ತೊಂದರೆ ಇರುವವರಿಗೆ ಗೊತ್ತು, ಇದು ಬರೀ ಗ್ಯಾಸ್ ಅಂತ ಬಿಟ್ಟುಬಿಡುವ ವಿಷಯ ಅಲ್ಲ. ದಿನವೆಲ್ಲ ಮನಸ್ಸು ಹೊಟ್ಟೆಯ ಮೇಲೇ ಇರುತ್ತದೆ.

ಡಾಕ್ಟರ್ ಹತ್ತಿರ ಮೊದಲೇ ತೋರಿಸಿಕೊಂಡಿದ್ದೇನೆ. ರಕ್ತ ಪರೀಕ್ಷೆ, ಥೈರಾಯ್ಡ್, ಸ್ಕ್ಯಾನಿಂಗ್ ಎಲ್ಲ ಆಯಿತು. ಹೆದರುವಂಥದ್ದು ಏನೂ ಇಲ್ಲ ಎಂದರು. ಕೆಲವು ದಿನ ಜ್ಯೂಸ್ ಕುಡಿದು ನೋಡಲಾ ಅಂತ ಕೇಳಿದೆ. ನಿಮಗೆ ಶುಗರ್ ಇಲ್ಲ, ಕಿಡ್ನಿ ಸರಿ ಇದೆ, ಸ್ವಲ್ಪ ದಿನ ಆದರೆ ತೊಂದರೆ ಇಲ್ಲ, ಆದರೆ ಏನು ಕುಡಿದಾಗ ಏನಾಯಿತು ಅಂತ ಬರೆದಿಡಿ ಎಂದರು. ಈ ವಿಡಿಯೋದಲ್ಲಿ ನಿಮಗೆ ಉಪಯೋಗ ಆಗುವಂಥದ್ದು ಏನಾದರೂ ಇದ್ದರೆ, ಅದು ಹಾಗೆ ಬರೆದಿಟ್ಟಿದ್ದರಿಂದಲೇ.

ಇಲ್ಲಿ ನೋಡಿ, ಕ್ಯಾರೆಟ್ ಬೀಟ್‌ರೂಟ್ ರುಬ್ಬಿ ತೆಳು ಬಟ್ಟೆಯಲ್ಲಿ ಹಿಂಡುತ್ತಿದ್ದೇನೆ. ರಸ ಒಂದು ಲೋಟ ಬಂತು. ಬಟ್ಟೆಯಲ್ಲಿ ಉಳಿದಿದ್ದು ಇಷ್ಟು ದಪ್ಪ ಮುದ್ದೆ. ಮುಟ್ಟಿದರೆ ಮರಳು ಮರಳಾಗಿದೆ, ಒಣ ಒಣ. ತರಕಾರಿಯ ನಾರಿನ ಬಹುಪಾಲು ಇದರಲ್ಲೇ ಹೋಯಿತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ, ಸೀದಾ ಅಕ್ಕಚ್ಚಿನ ಬಕೆಟ್ಟಿಗೆ ಹಾಕಿದರು.

"ಒಳ್ಳೇದೆಲ್ಲ ದನಕ್ಕೆ, ನೀರು ನಿಂಗೆ. ಎಂತ ಲೆಕ್ಕ ಮಾರಾಯ್ತಿ ಇದು?"

ಆ ಮಾತು ನನಗೆ ನಾಟಿತು. ನಮ್ಮ ದೇಶದ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ 2000 ಕ್ಯಾಲೊರಿ ತಿನ್ನುವವರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ಹಿಂಡಿ ಸೋಸಿದ ಜ್ಯೂಸಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಲಬದ್ಧತೆಯಿಂದ ಹೊಟ್ಟೆ ಉಬ್ಬುವವರು ತುಂಬಾ ಜನ ಇದ್ದಾರೆ. ಅಂಥವರು ಜ್ಯೂಸ್ ಮೇಲೇ ಇದ್ದರೆ ಇನ್ನಷ್ಟು ಕಷ್ಟ.

ಮೊದಲ ದಿನ ಹೇಗೋ ಕಳೆಯಿತು. ಸಂಜೆ ಹೊತ್ತಿಗೆ ತಲೆನೋವು ಶುರುವಾಯಿತು. ಮರುದಿನ ಇನ್ನೂ ಜಾಸ್ತಿ, ಕಣ್ಣಿನ ಹಿಂದೆಯೆಲ್ಲ ಎಳೆದ ಹಾಗೆ. ಮೈಯಲ್ಲಿರುವ ವಿಷ ಹೊರಗೆ ಹೋಗುತ್ತಿದೆ, ಅದಕ್ಕೇ ಹೀಗಾಗುತ್ತದೆ ಅಂತ ಜ್ಯೂಸ್ ಕ್ಲೆನ್ಸ್ ಹೇಳಿಕೊಡುವವರು ಹೇಳುತ್ತಾರೆ. ಹಾಗಲ್ಲ. ಇದು ಕಾಫಿ ಬಿಟ್ಟಿದ್ದರ ತಲೆನೋವು. ದಿನಾ ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ, ಒಂದೆರಡು ದಿನದಲ್ಲಿ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಮಲೆನಾಡಿನಲ್ಲಿ ಹುಟ್ಟಿದವಳು ನಾನು, ಹಲ್ಲುಜ್ಜಿದ ತಕ್ಷಣ ಕಾಫಿ ಬೇಕು. ತಲೆನೋವು ಬಾರದೆ ಇರುತ್ತದಾ?

ವಿಷ ಹೊರಹಾಕುವ ಕೆಲಸ ಮಾಡುವುದು ಲಿವರ್ ಮತ್ತು ಕಿಡ್ನಿ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರಂಶವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ದೇಹಕ್ಕೆ ವಾಪಸ್ ಕೊಟ್ಟು, ಒಂದೂವರೆ ಎರಡು ಲೀಟರನ್ನು ಮೂತ್ರವಾಗಿ ಕಳಿಸುತ್ತವೆ. ನಾವು ಕ್ಲೆನ್ಸ್ ಮಾಡಲಿ, ಬಿಡಲಿ, ಈ ಕೆಲಸ ನಡೆದೇ ಇರುತ್ತದೆ. ಅಂದಹಾಗೆ ಬೀಟ್‌ರೂಟ್ ಜ್ಯೂಸ್ ಕುಡಿದ ಮೇಲೆ ಮೂತ್ರ ಕೆಂಪಗಾದರೆ ಗಾಬರಿ ಬೇಡ. ಕೆಲವರಿಗೆ ಆ ಬಣ್ಣ ಹಾಗೇ ಹೊರಗೆ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊಟ್ಟೆ ಉಬ್ಬರ ಕಡಿಮೆ ಆಯಿತಾ? ಆಯಿತು. ಆದರೆ ಎಲ್ಲ ಹೊತ್ತಿನಲ್ಲೂ ಅಲ್ಲ. ನಾನು ಬರೆದಿಟ್ಟ ಪುಸ್ತಕ ತೋರಿಸುತ್ತೇನೆ, ನೋಡಿ. ಸೌತೆಕಾಯಿ, ಒಂದೆಲಗ, ನಿಂಬೆ ಕುಡಿದ ಮೇಲೆ 'ಹಗುರ' ಅಂತ ಬರೆದಿದ್ದೇನೆ. ಕ್ಯಾರೆಟ್ ಶುಂಠಿ, ಹಗುರ. ಅನಾನಸ್, ಪರವಾಗಿಲ್ಲ. ಸೇಬಿನ ಜ್ಯೂಸ್ ಮುಂದೆ ನೋಡಿ: 'ಒಂದು ಗಂಟೆಯೊಳಗೆ ಗುಡುಗುಡು, ಹೊಟ್ಟೆ ಬಿಗಿ'. ಕಲ್ಲಂಗಡಿ ಮುಂದೆ: 'ಭೇದಿ'. ಅನ್ನ ಇಲ್ಲ, ಎಣ್ಣೆ ಇಲ್ಲ, ಮಸಾಲೆ ಇಲ್ಲ, ಆದರೂ ಹೊಟ್ಟೆ ಉಬ್ಬಿತು.

ಅದಕ್ಕೆ ಕಾರಣ ಇದೆ. ಹಣ್ಣಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅನ್ನುವ ಸಕ್ಕರೆಗಳಿವೆ. ಗ್ಲೂಕೋಸ್ ಜೊತೆಗಿದ್ದರೆ ಫ್ರಕ್ಟೋಸನ್ನು ಸಣ್ಣ ಕರುಳು ಸಲೀಸಾಗಿ ಹೀರಿಕೊಳ್ಳುತ್ತದೆ. ಸೇಬು, ಮಾವು, ಕಲ್ಲಂಗಡಿಯಲ್ಲಿ ಫ್ರಕ್ಟೋಸೇ ಜಾಸ್ತಿ. ಸೇಬಿನಲ್ಲಿ ಸಾರ್ಬಿಟಾಲ್ ಅನ್ನುವ ಇನ್ನೊಂದು ಪದಾರ್ಥವೂ ಇದೆ. ಎಷ್ಟೋ ಜನರ ಕರುಳಿಗೆ ಇವನ್ನು ಪೂರ್ತಿ ಹೀರಿಕೊಳ್ಳಲು ಆಗುವುದಿಲ್ಲ. ಉಳಿದಿದ್ದು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತದೆ. ಜೊತೆಗೆ ಈ ಸಕ್ಕರೆ ಕರುಳಿಗೆ ನೀರನ್ನೂ ಎಳೆದುಕೊಳ್ಳುತ್ತದೆ, ಅದಕ್ಕೇ ಭೇದಿ. ಒಂದು ಸೇಬು ಕಚ್ಚಿ ತಿನ್ನಲು ಹತ್ತು ನಿಮಿಷ ಬೇಕು. ಒಂದು ಲೋಟ ಜ್ಯೂಸಿಗೆ ಮೂರು ನಾಲ್ಕು ಸೇಬು ಹೋಗುತ್ತವೆ, ಎರಡೇ ನಿಮಿಷದಲ್ಲಿ ಹೊಟ್ಟೆ ಸೇರುತ್ತದೆ. ಕರುಳಿಗೆ ಒಮ್ಮೆಲೇ ಅಷ್ಟು ಸಕ್ಕರೆ ಬಂದು ಬಿದ್ದರೆ ಅದಾದರೂ ಏನು ಮಾಡಬೇಕು?

ಸಕ್ಕರೆ ಹಾಕಿಲ್ಲ, ಹಣ್ಣಿಂದಲ್ವಾ ಅನ್ನಬಹುದು ನೀವು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ, ಜ್ಯೂಸಿನಲ್ಲಿರುವ ಸಕ್ಕರೆಯನ್ನೂ ನಾವು ಮೇಲಿಂದ ಹಾಕುವ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. 2000 ಕ್ಯಾಲೊರಿಗೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಒಂದು ದೊಡ್ಡ ಲೋಟ ಸೇಬಿನ ಜ್ಯೂಸಿನಲ್ಲೇ ಹೆಚ್ಚುಕಡಿಮೆ 25 ಗ್ರಾಂ ಆಗಿಬಿಡುತ್ತದೆ.

ಹಾಗಾದರೆ ಉಳಿದ ಹೊತ್ತಿನಲ್ಲಿ ಹೊಟ್ಟೆ ಯಾಕೆ ಹಗುರ ಆಯಿತು? ನನಗೆ ಕುತೂಹಲ ಹುಟ್ಟಿದ್ದು ಇಲ್ಲೇ. ನಾನು ಕುಡಿದಿದ್ದಕ್ಕಿಂತ ಬಿಟ್ಟಿದ್ದು ಜಾಸ್ತಿ ಇತ್ತು. ಶಿವಮೊಗ್ಗದಲ್ಲಿ ನನ್ನ ದಿನ ಹೀಗಿರುತ್ತದೆ. ಬೆಳಗ್ಗೆ ದೊಡ್ಡ ಲೋಟದಲ್ಲಿ ಹಾಲು ಜಾಸ್ತಿ ಹಾಕಿದ ಕಾಫಿ, ತಿಂಡಿಗೆ ಮೊಳಕೆ ಕಾಳು, ಹನ್ನೊಂದಕ್ಕೆ ಒಂದು ಸೇಬು, ರಾತ್ರಿ ಅನ್ನ ಬೇಡ ಅಂತ ಚಪಾತಿ, ಈರುಳ್ಳಿ ಬೆಳ್ಳುಳ್ಳಿ ಜಾಸ್ತಿ ಹಾಕಿದ ಪಲ್ಯ. ಎಲ್ಲವೂ ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಹಾಲಿನಲ್ಲಿ ಲ್ಯಾಕ್ಟೋಸ್ ಇದೆ, ದೊಡ್ಡವರಾದ ಮೇಲೆ ನಮ್ಮ ಕಡೆಯ ತುಂಬಾ ಜನರಿಗೆ ಅದು ಸರಿಯಾಗಿ ಜೀರ್ಣ ಆಗುವುದಿಲ್ಲ. ಗೋಧಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್ ಇದೆ, ಕಾಳುಗಳಲ್ಲಿ ಅದೇ ಜಾತಿಯ ಬೇರೆ ಸಕ್ಕರೆಗಳಿವೆ. ಇವೆಲ್ಲ ದೊಡ್ಡ ಕರುಳಿಗೆ ಹೋಗಿ ಹುದುಗುವಂಥವೇ. ಜ್ಯೂಸ್ ದಿನಗಳಲ್ಲಿ ಇವೆಲ್ಲ ಒಟ್ಟಿಗೆ ನಿಂತವು.

ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಇಂಥ ಸಕ್ಕರೆಗಳಿಗೆಲ್ಲ ಸೇರಿ ಫಾಡ್‌ಮ್ಯಾಪ್ ಅಂತ ಹೆಸರಿಟ್ಟಿದ್ದಾರೆ. ಅವನ್ನು ಎರಡರಿಂದ ಆರು ವಾರ ಕಡಿಮೆ ಮಾಡಿ, ಆಮೇಲೆ ಒಂದೊಂದನ್ನೇ ವಾಪಸ್ ತಿಂದು ನೋಡುವ ಒಂದು ಕ್ರಮ ರೂಪಿಸಿದ್ದಾರೆ. ಡಾಕ್ಟರ್ ನನಗೆ ಹೇಳಿದ್ದೂ ಅದನ್ನೇ. ಜ್ಯೂಸ್ ಸಾಕು, ಇನ್ನು ಒಂದೊಂದೇ ತಿಂದು ನೋಡಿ, ಯಾವುದು ಆಗುವುದಿಲ್ಲ ಅಂತ ಗೊತ್ತಾಗಲಿ ಎಂದರು.

ಜ್ಯೂಸ್ ಬಿಟ್ಟ ದಿನ ಅಮ್ಮ ಕೊಟ್ಟಿದ್ದು ಇದು. ಬಿಸಿ ಗಂಜಿ, ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಅಪ್ಪೆಮಿಡಿ. ಹಬೆಯಲ್ಲಿ ತುಪ್ಪ ಕರಗಿ ಗಂಜಿಯ ಮೇಲೆ ಹಳದಿ ಬೊಟ್ಟುಗಳಾಗಿ ತೇಲುತ್ತಿದೆ ನೋಡಿ. ಮಿಡಿಯನ್ನು ಒಂಚೂರು ಕಚ್ಚಿದರೆ ಸಾಕು, ಆ ಪರಿಮಳ ಮೂಗಿನವರೆಗೆ ಹೋಗುತ್ತದೆ. ಅಷ್ಟು ದಿನ ಸಿಹಿ ನೀರು ಕುಡಿದ ಬಾಯಿಗೆ ಉಪ್ಪು, ಹುಳಿ, ಬಿಸಿ ಎಷ್ಟು ಹಿತವಾಗಿತ್ತು ಅಂದರೆ, ನಾನು ಎರಡು ಸಲ ಹಾಕಿಸಿಕೊಂಡೆ.

"ಸೊರಗಿ ಹೋಗಿದೀಯ, ನಿಧಾನಕ್ಕೆ ಉಣ್ಣು" ಅಂದರು ಅಮ್ಮ.

ಹೊಟ್ಟೆ ಉಬ್ಬಲಿಲ್ಲ. ಅಕ್ಕಿಯ ಪಿಷ್ಟದ ಬಹುಪಾಲು ಸಣ್ಣ ಕರುಳಲ್ಲೇ ಜೀರ್ಣವಾಗಿ ಮುಗಿಯುತ್ತದೆ. ದೊಡ್ಡ ಕರುಳಿಗೆ ಹುದುಗಲು ಹೆಚ್ಚೇನೂ ಉಳಿಯುವುದಿಲ್ಲ. ಹೊಟ್ಟೆ ಕೆಟ್ಟರೆ ಗಂಜಿ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾ ಬಂದಿರುವುದು ಸುಮ್ನೆ ಅಲ್ಲ.

ತೂಕದ ಬಗ್ಗೆ ಒಂದು ಮಾತು. ಜ್ಯೂಸ್ ದಿನಗಳಲ್ಲಿ ತೂಕ ಇಳಿದಿದ್ದು ನಿಜ, ಊಟ ಶುರು ಮಾಡಿದ ಮೇಲೆ ವಾಪಸ್ ಬಂದಿದ್ದೂ ನಿಜ. ದೇಹದಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಒಂದೊಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆ ಆದಾಗ ಮೊದಲು ಖರ್ಚಾಗುವುದು ಅದೇ. ಇಳಿದಿದ್ದು ಹೆಚ್ಚಾಗಿ ನೀರು. ಜ್ಯೂಸಿನಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬೇಕು. 50 ಕೆಜಿ ಇರುವವರಿಗೂ ದಿನಕ್ಕೆ 40 ಗ್ರಾಂ ಆಸುಪಾಸು ಬೇಕು. ಅದಿಲ್ಲದೆ ದಿನ ಎಳೆದರೆ ಸ್ನಾಯು ಕರಗುತ್ತದೆ.

ಆಮೇಲೆ ಒಂದೊಂದೇ ತಿಂದು ನೋಡಿದೆ. ಒಂದು ಹೊಸ ಪದಾರ್ಥ, ಮೊದಲು ಸ್ವಲ್ಪ, ಮರುದಿನ ಇನ್ನಷ್ಟು, ಹೊಟ್ಟೆ ಏನು ಹೇಳುತ್ತದೆ ಅಂತ ಬರೆದಿಡುವುದು. ಹಾಲು ಒಂದು ಲೋಟ ಆದರೆ ಆಗುವುದಿಲ್ಲ, ಕಾಫಿಗೆ ಬೇಕಾದಷ್ಟು ಸ್ವಲ್ಪ ಆದರೆ ಆಗುತ್ತದೆ. ಚೆನ್ನಾಗಿ ಹುಳಿಬಂದ ಮಜ್ಜಿಗೆ ಏನೂ ಮಾಡುವುದಿಲ್ಲ, ಹೆಪ್ಪಾಗುವಾಗ ಲ್ಯಾಕ್ಟೋಸ್ ಒಂದಷ್ಟು ಕಡಿಮೆಯಾಗಿರುತ್ತದೆ. ಎರಡು ಚಪಾತಿ ಪರವಾಗಿಲ್ಲ, ಅದರ ಜೊತೆ ಹಸಿ ಈರುಳ್ಳಿ ಸೇರಿದರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮೊಳಕೆ ಕಾಳು ಹಸಿಯಾಗಿ ಬೇಡವೇ ಬೇಡ. ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿದರೆ ತಿನ್ನಬಹುದು. ಇದು ನನ್ನ ಹೊಟ್ಟೆಯ ಪಟ್ಟಿ. ನಿಮ್ಮದು ಬೇರೆ ಇರುತ್ತದೆ. ನಿಮಗೆ ಹಾಲು ಒಗ್ಗುತ್ತದೆ, ಗೆಣಸು ಆಗುವುದಿಲ್ಲ ಅಂತಿರಬಹುದು. ಬರೆದಿಟ್ಟರೆ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು, ಊಟ ಮಾಡುವ ಬಗೆ. ಫೋನ್ ನೋಡುತ್ತಾ ಗಬಗಬ ತಿಂದರೆ ಗಾಳಿಯನ್ನೂ ನುಂಗುತ್ತೇವೆ. ಸೋಡಾ, ಸ್ಟ್ರಾ, ಚೂಯಿಂಗ್ ಗಮ್ ಎಲ್ಲವೂ ಅದೇ ಸಾಲಿಗೆ. ಊಟ ಆದ ಮೇಲೆ ಅಡಿಕೆ ತೋಟದವರೆಗೆ ನಿಧಾನವಾಗಿ ಹೋಗಿ ಬಂದರೆ ನನ್ನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಗಾಳಿ ಬಿಡುತ್ತದೆ. ಇದನ್ನು ಶಿವಮೊಗ್ಗಕ್ಕೆ ಬಂದ ಮೇಲೂ ಬಿಟ್ಟಿಲ್ಲ.

ಜ್ಯೂಸ್ ಮಾಡಲೇಬೇಕು ಅನ್ನುವವರಿಗೆ ಎರಡು ವಿಷಯ ಕೈಮುಗಿದು ಹೇಳುತ್ತೇನೆ. ಸೋರೆಕಾಯಿ ಜ್ಯೂಸ್ ಮಾಡುವ ಮುಂಚೆ ಒಂದು ಸಣ್ಣ ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಪೂರ್ತಿ ಎಸೆದುಬಿಡಿ. ಕಹಿ ಸೋರೆಯ ರಸ ವಿಷ, ಅದನ್ನು ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರು ಕೊಟ್ಟ ಸಲಹೆಯೂ ಇದೇ. ಇನ್ನೊಂದು ನಮ್ಮ ಹಿತ್ತಲಿನ ಧಾರೆಹುಳಿ, ಅಂದರೆ ಸ್ಟಾರ್ ಫ್ರೂಟ್. ಕಿಡ್ನಿ ತೊಂದರೆ ಇರುವವರು ಅದನ್ನು ಮುಟ್ಟಲೇಬಾರದು. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು. ಕಿಡ್ನಿ ಸರಿ ಇದ್ದವರೂ ಖಾಲಿ ಹೊಟ್ಟೆಯಲ್ಲಿ ಅದರ ರಸ ಲೋಟಗಟ್ಟಲೆ ಕುಡಿಯಬಾರದು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು, ಮಕ್ಕಳು ಈ ಕ್ಲೆನ್ಸ್ ಕಡೆ ಹೋಗುವುದೇ ಬೇಡ.

ಮಲದಲ್ಲಿ ರಕ್ತ, ತಾನಾಗಿ ಇಳಿಯುವ ತೂಕ, ನುಂಗಲು ಕಷ್ಟ, ನಿಲ್ಲದ ವಾಂತಿ, ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಅದರಲ್ಲೂ ಐವತ್ತು ದಾಟಿದ ಹೆಂಗಸರು. ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾಗಿ ಕಡಿಮೆಯಾಗದ ಹೊಟ್ಟೆ ಉಬ್ಬರ ಅಂಡಾಶಯದ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು. ನಿಮ್ಮ ಅಮ್ಮ, ಚಿಕ್ಕಮ್ಮ, ಅತ್ತೆ ಯಾರಾದರೂ ಗ್ಯಾಸು ಅಂತ ಓಮಕಾಳು ಜಗಿಯುತ್ತಾ ಮುಂದೂಡುತ್ತಿದ್ದರೆ, ದಯವಿಟ್ಟು ಕರೆದುಕೊಂಡು ಹೋಗಿ ತೋರಿಸಿ.

ಕೊನೆಗೆ ನೀವು ನೋಡುತ್ತಿರುವುದು ದೊಡ್ಡಪತ್ರೆ ತಂಬುಳಿ. ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ ಉಪ್ಪು ಹಾಕಿದರೆ ಆಯಿತು. ಕುದಿಸುವುದು ಬೇಡ, ಸೋಸುವುದೂ ಬೇಡ. ಈಗ ಮಧ್ಯಾಹ್ನ ಅನ್ನದ ಜೊತೆ ವಾರದಲ್ಲಿ ಹೆಚ್ಚಿನ ದಿನ ಇದೇ. ತೋಟದಲ್ಲಿ ಹಲಸು ಬಲಿಯುತ್ತಿದೆ, ಹಣ್ಣಾದ ಮೇಲೆ ನಾಲ್ಕು ತೊಳೆಯಿಂದ ಶುರು ಮಾಡಿ ಅದನ್ನೂ ತಿಂದು ನೋಡುತ್ತೇನೆ. ಏನಾಯಿತು ಅಂತ ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.